ಬೆವರಿದ ಬೆಲ್ಲದ ಬಿಸ್ಕತ್ತು

ಒಣಶುಂಠಿ ಕುಟ್ಟುವ ಸದ್ದು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಬಲ ಹೆಗಲು ತಾನಾಗಿಯೇ ನೋಯತೊಡಗುತ್ತದೆ. ವಯಸ್ಸಾಯಿತು, ವಾಯು ಇರಬೇಕು ಎಂದು ಮನೆಯವರು ಹೇಳುತ್ತಾರೆ. ವಾಯುವೂ ಅಲ್ಲ, ಮಣ್ಣೂ ಅಲ್ಲ. ದಾವಣಗೆರೆಯ ಅತ್ತೆಯ ಮನೆಯಲ್ಲಿ ಆರು ದೀಪಾವಳಿ ಬಿಸ್ಕತ್ತು ಮಾಡಿದ್ದರ ಫಲ ಅದು. ಹಬ್ಬ ಅಂದರೆ ಉಳಿದವರಿಗೆ ದೀಪ, ಪಟಾಕಿ, ಹೊಸ ಸೀರೆ ನೆನಪಾಗುತ್ತವಂತೆ. ನನಗೆ ಕಬ್ಬಿಣದ ಕುಟ್ಟಾಣಿ ನೆನಪಾಗುತ್ತದೆ.

ಆ ಬಿಸ್ಕತ್ತು ನಾನು ಕಲಿತದ್ದು ತವರಿನಲ್ಲಿ, ಹರಿಹರದಲ್ಲಿ. ಅಪ್ಪ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ನಮ್ಮ ಪಕ್ಕದ ಮನೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತರೊಬ್ಬರು ಬಾಡಿಗೆಗಿದ್ದರು. ಆ ಮನೆಯಾಕೆ ಕ್ರಿಸ್‌ಮಸ್ ಹಬ್ಬಕ್ಕೆ ಬೆಲ್ಲದ ಪಾಕ, ಶುಂಠಿ, ಲವಂಗ, ಚಕ್ಕೆ ಹಾಕಿ ಕಂದು ಬಣ್ಣದ ಬಿಸ್ಕತ್ತು ಮಾಡುತ್ತಿದ್ದರು. ಅದರಲ್ಲಿ ಮೊಟ್ಟೆ ಇರುತ್ತದೆಂದು ನಾವು ತಿನ್ನುವ ಹಾಗಿರಲಿಲ್ಲ. ವಾಸನೆ ಮಾತ್ರ ಗೋಡೆ ದಾಟಿ ಬರುತ್ತಿತ್ತು. ನಮ್ಮ ಅವ್ವ ಆ ವಾಸನೆ ತಡೆಯಲಾಗದೆ ಒಂದು ದಿನ ಹಿತ್ತಲ ಬಾಗಿಲಿನಿಂದ ಹೋಗಿ ಮಾಡುವ ರೀತಿ ಕೇಳಿಕೊಂಡು ಬಂದಳು. ಮೊಟ್ಟೆ ಬಿಟ್ಟು ಗಟ್ಟಿ ಮೊಸರು ಹಾಕಿದಳು. ಒಲೆಯ ಮೇಲೆ ಬೋಗುಣಿಯಿಟ್ಟು, ಅದರೊಳಗೆ ಮರಳು ಹರಡಿ, ಮರಳಿನ ಮೇಲೆ ತಟ್ಟೆಯಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸಿದಳು. ಒಂದು ಸಲಕ್ಕೆ ಎಂಟು ಬಿಸ್ಕತ್ತು ಹಿಡಿಯುತ್ತಿದ್ದವು. ನಾವು ಮಕ್ಕಳು ಬೋಗುಣಿಯ ಸುತ್ತ ಕುಳಿತು ಕಾಯುತ್ತಿದ್ದೆವು. ಕಾಯುವುದೇ ಅರ್ಧ ಹಬ್ಬವಾಗಿತ್ತು.

ಐವತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ಕೊಟ್ಟ ಮನೆ ದಾವಣಗೆರೆಯಲ್ಲಿ ಬೆಲ್ಲದ ಮಂಡಿ ಇಟ್ಟವರದು. ತುಂಬಿದ ಮನೆ. ಮೊದಲನೇ ದೀಪಾವಳಿಗೆ ಅಳಿಯನನ್ನು ಕರೆಯಬೇಕಲ್ಲ, ಅಪ್ಪ ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಆ ಹಬ್ಬದ ಬೆಳಗ್ಗೆ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದಳು. ನಾನು ಅದನ್ನೇನೂ ದೊಡ್ಡದು ಎಂದುಕೊಳ್ಳಲಿಲ್ಲ. ಪ್ರತಿ ವರ್ಷ ನಡೆಯುವುದೇ ಅಲ್ಲವೇ ಎಂದುಕೊಂಡೆ.

ಹಿಂದಿರುಗಿದ ಮೇಲೆ ನಾನು ಮಾಡಿದ ತಪ್ಪು ಒಂದೇ. ಮಳೆಗಾಲದಲ್ಲಿ ಮಂಡಿಯ ಬೆಲ್ಲ ಬೆವರುತ್ತದೆ. ಬೆಲ್ಲದ ಪೆಂಟೆಗಳು, ಆ ದೊಡ್ಡ ಉಂಡೆಗಳು, ನೀರೊಡೆದು ಗೋದಾಮಿನ ಕಲ್ಲುಚಪ್ಪಡಿಯ ಮೇಲೆ ಕರೀ ಪಾಕ ಇಳಿಯುತ್ತದೆ. ಅದನ್ನು ಬಳಿದು ಡಬ್ಬಗಳಿಗೆ ತುಂಬಿ ದನದ ಮೇವಿಗೆ ಕೊಡುತ್ತಿದ್ದರು. ಹೊಸ ಸೊಸೆ, ಬುದ್ಧಿವಂತೆ ಅನ್ನಿಸಿಕೊಳ್ಳುವ ಹುಚ್ಚು. 'ಮಾವಾರೆ, ಇದ್ರಾಗೆ ಬಿಸ್ಕತ್ತು ಆಗ್ತೈತೆ' ಎಂದುಬಿಟ್ಟೆ. ಕೆಳಗೆ ಇಳಿದದ್ದು ಬೇಡವೆಂದು, ಚಪ್ಪಡಿ ಮುಟ್ಟುವ ಮೊದಲೇ ಪೆಂಟೆಯ ಅಡಿಗೆ ಹಿತ್ತಾಳೆ ಪಾತ್ರೆ ಇಡಿಸಿ ಪಾಕ ಹಿಡಿದೆ. ಬಟ್ಟೆಯಲ್ಲಿ ಸೋಸಿ, ಕಾಸಿ, ಶುಂಠಿ ಲವಂಗ ಕುಟ್ಟಿ ಹಾಕಿ ಒಂದು ಡಬ್ಬಿ ಬಿಸ್ಕತ್ತು ಮಾಡಿದೆ. ಮಾವ ಒಂದು ತಿಂದರು, ಎರಡು ತಿಂದರು, ಡಬ್ಬಿಯನ್ನೇ ಮಂಡಿಗೆ ತೆಗೆದುಕೊಂಡು ಹೋದರು. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡದ್ದು ಆವತ್ತು.

ಆ ಶ್ರಾವಣ ಮುಗಿಯುವುದರೊಳಗೆ ಮಾವ ಘೋಷಿಸಿದರು, ಇನ್ನು ಮೇಲೆ ದೀಪಾವಳಿಗೆ ಮಂಡಿಗೆ ಬೆಲ್ಲ ಹಾಕುವ ರೈತರಿಗೆಲ್ಲ ನಮ್ಮ ಮನೆಯ ಬಿಸ್ಕತ್ತು. ಪೇಡೆ ಎರಡು ದಿನಕ್ಕೆ ಹಳಸುತ್ತದೆ, ಇದು ಗಾಡಿಯಲ್ಲಿ ಹಾಕಿಕೊಂಡು ಎಷ್ಟು ದೂರ ಹೋದರೂ ತಿಂಗಳು ಇರುತ್ತದೆ ಎಂಬುದು ಅವರ ಲೆಕ್ಕಾಚಾರ. ಹಾಗೆ ಒಂದು ಡಬ್ಬಿ ಇದ್ದದ್ದು ನಲವತ್ತು ಡಬ್ಬಿಯಾಯಿತು. ಹಬ್ಬಕ್ಕೆ ತವರಿಗೆ ಹೋಗುವ ಮಾತೆತ್ತಿದರೆ ಅತ್ತೆ ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮೆತ್ತಗೆ, 'ಹೋಗವ್ವ, ಯಾರು ಬ್ಯಾಡ ಅಂತಾರೆ? ಆದ್ರೆ ಬಿಸ್ಕತ್ತು ಯಾರು ಮಾಡ್ತಾರೆ ಹೇಳು' ಅನ್ನುತ್ತಿದ್ದರು. ನಾನು ಕುಟ್ಟಾಣಿ ಹತ್ತಿರ ಎಳೆದುಕೊಳ್ಳುತ್ತಿದ್ದೆ.

ಹರಿಹರವೇನು ಕಾಶಿಯಲ್ಲ. ರೈಲು ಹತ್ತಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬರುವ ಊರು. ಉಳಿದ ದಿನಗಳಲ್ಲಿ ಹೋಗಿ ಬರುತ್ತಿದ್ದೆ ಕೂಡ. ಆದರೆ ಹಬ್ಬದ ಬೆಳಗ್ಗೆ ಅಲ್ಲಿ ಇರುವುದು ಬೇರೆ, ಹಬ್ಬ ಕಳೆದು ವಾರಕ್ಕೆ ಹೋಗಿ ಉಳಿದ ಕರ್ಜಿಕಾಯಿ ತಿನ್ನುವುದು ಬೇರೆ. ಐದು ದೀಪಾವಳಿ ಹಾಗೇ ಹೋದವು, ನಡುವೆ ನನಗೊಬ್ಬಳು ಮಗಳೂ ಹುಟ್ಟಿದಳು.

ಮಾಡುವ ಕೆಲಸವೇನು ಸಣ್ಣದೇ? ಹಬ್ಬಕ್ಕೆ ಹದಿನೈದು ದಿನವಿರುವಾಗ ಶುಂಠಿ ಒಣಗಿಸಿ ಕುಟ್ಟಲು ಶುರು. ಪಾಕ ಕಾಸುವಾಗ ಸಿಡಿದು ಮುಂಗೈಯೆಲ್ಲ ಕಪ್ಪು ಚುಕ್ಕೆ. ಗೋಧಿ ಹಿಟ್ಟು, ಮೈದಾ, ಬೆಣ್ಣೆ, ಮೊಸರು, ಸೋಡಾ ಸೇರಿಸಿ ದೊಡ್ಡ ಬಾನಿಯಲ್ಲಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಮಾರನೇ ದಿನದವರೆಗೆ ಇಡಬೇಕು. ಪಾಕವನ್ನು ಹಿಟ್ಟು ಕುಡಿಯಬೇಕು, ಬೆಣ್ಣೆ ಗಟ್ಟಿಯಾಗಬೇಕು. ಆಮೇಲೆ ಉಂಡೆ ಕಟ್ಟಿ ತಟ್ಟಿ, ಬೇಕರಿಯಿಂದ ತರಿಸಿದ ತಗಡಿನ ತಟ್ಟೆಗಳಲ್ಲಿ ಜೋಡಿಸುವುದು. ಅಷ್ಟು ಬಿಸ್ಕತ್ತು ಬೋಗುಣಿಯಲ್ಲಿ ಆಗುತ್ತದೆಯೇ? ಬೇಕರಿಯ ಭಟ್ಟಿಯೇ ಬೇಕು.

ಆ ಕಾಲಕ್ಕೆ ಊರಲ್ಲಿ ಅದೊಂದು ಪದ್ಧತಿಯಿತ್ತು. ಹಬ್ಬ ಬಂದರೆ ಮನೆಗಳವರು ಹಿಟ್ಟು ಕಲಸಿ ತಟ್ಟೆಗಳಲ್ಲಿ ತುಂಬಿ ಬೇಕರಿಗೆ ಕಳಿಸುತ್ತಿದ್ದರು. ಬೇಕರಿಯ ಸಾಹೇಬರು ಬೆಳಗಿನ ಬ್ರೆಡ್ಡು ತೆಗೆದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿನಲ್ಲಿ ಮನೆಗಳ ತಟ್ಟೆ ಬೇಯಿಸಿ ಕೊಡುತ್ತಿದ್ದರು. ಯಾವ ತಟ್ಟೆ ಯಾರದೆಂದು ಗೊತ್ತಾಗಲು ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರು ನಡುವೆ ಹೆಬ್ಬೆರಳು ಒತ್ತುತ್ತಿದ್ದರು, ಒಬ್ಬರು ಗೇರುಬೀಜದ ಚೂರು ಸಿಕ್ಕಿಸುತ್ತಿದ್ದರು. ನಮ್ಮ ಮನೆಯದು ಮೂರು ಗೆರೆ, ವಿಭೂತಿ ಎಳೆದ ಹಾಗೆ ಮೂರು ಬೆರಳಿನಲ್ಲಿ ಎಳೆದದ್ದು. ಅದು ಅತ್ತೆಯ ಯೋಚನೆ. ಭಟ್ಟಿಗೆ ಮೊದಲು ಏನೇನು ಹೋಗಿತ್ತೋ ಎಂಬ ಅನುಮಾನಕ್ಕೂ ಆ ಮೂರು ಗೆರೆಯೇ ಅವರ ಪರಿಹಾರವಾಗಿತ್ತು.

ಮೂರನೇ ವರ್ಷ ಮೈದುನನಿಗೆ ಮದುವೆಯಾಗಿ ನನಗೊಬ್ಬಳು ನೆಗೆಣ್ಣಿ ಬಂದಳು, ಹತ್ತಿರದ ಕೊಂಡಜ್ಜಿ ಎಂಬ ಊರಿನ ರೈತರ ಮನೆಯ ಹುಡುಗಿ. ನನಗೆ ಜೀವ ಬಂದಂತಾಯಿತು. ಇವಳಿಗೆ ಕಲಿಸಿಬಿಟ್ಟರೆ ಒಂದು ವರ್ಷ ಅವಳು, ಒಂದು ವರ್ಷ ನಾನು ಎಂದು ಲೆಕ್ಕ ಹಾಕಿದೆ. ಕಲಿಸಲು ಕೂತರೆ ಅವಳ ಕೈಯಲ್ಲಿ ಹಿಟ್ಟು ನಿಲ್ಲುತ್ತಿರಲಿಲ್ಲ. ಉಂಡೆ ಒಂದು ನಿಂಬೆಯಷ್ಟು, ಒಂದು ಕಡಲೆಯಷ್ಟು. ಸೋಡಾ ಎಷ್ಟೆಂದು ಹತ್ತು ಸಲ ಹೇಳಿದರೂ, 'ನಂಗೆ ಅಳತಿ ತಿಳಿಯಂಗಿಲ್ಲಕ್ಕ, ನೀವೇ ಹಾಕ್ರಿ' ಅನ್ನುತ್ತಿದ್ದಳು. ಎರಡು ವರ್ಷ ಹೆಣಗಿ ಕೈಚೆಲ್ಲಿದೆ. ತಟ್ಟೆಗೆ ಬೆಣ್ಣೆ ಸವರಲು, ಡಬ್ಬಿ ಒರೆಸಲು ಮಾತ್ರ ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಅದು ಮುಗಿದ ಕೂಡಲೇ ಅವಳಣ್ಣನ ಗಾಡಿ ಬಂದು ನಿಲ್ಲುತ್ತಿತ್ತು. ಎಣ್ಣೆ ಸ್ನಾನದ ಹಿಂದಿನ ದಿನ, ಹಂಡೆಗೆ ನೀರು ತುಂಬುವ ಹೊತ್ತಿಗೆ ಅವಳು ಕೊಂಡಜ್ಜಿಯಲ್ಲಿರುತ್ತಿದ್ದಳು. ನನಗೆ ಅವಳ ಮೇಲೆ ಎಂಥ ಹೊಟ್ಟೆಕಿಚ್ಚು! ಏನೂ ಬಾರದವಳ ಪುಣ್ಯ ಎಂದು ಅಡಿಗೆಮನೆಯಲ್ಲಿ ಗೊಣಗುತ್ತಿದ್ದೆ.

ಆರನೇ ವರ್ಷ ಮಳೆಗಾಲದಲ್ಲಿ ಅವ್ವ ಜ್ವರ ಬಂದು ಎರಡು ತಿಂಗಳು ಹಾಸಿಗೆ ಹಿಡಿದಳು. ಎದ್ದಮೇಲೂ ಕೈಕಾಲಲ್ಲಿ ಬಲವಿರಲಿಲ್ಲ. ನಾನು ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, 'ಈ ಸಲನಾರ ಹಬ್ಬಕ್ಕೆ ಬಾರವ್ವ' ಎಂದಳು. ಯಾವತ್ತೂ ಕೇಳಿದವಳಲ್ಲ. ಬರುತ್ತೇನೆ ಎಂದು ಮಾತು ಕೊಟ್ಟೆ. ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರೂ ಒಪ್ಪಿದರು. ಬಿಸ್ಕತ್ತು ಮುಗಿಸಿಕೊಟ್ಟು ನೀರು ತುಂಬುವ ಹಿಂದಿನ ದಿನದ ಸಂಜೆಯ ರೈಲಿಗೆ ಹೋಗುವುದು ಎಂದಾಯಿತು. ಅಪ್ಪನಿಗೆ ಕಾರ್ಡು ಬರೆದು ಹಾಕಿದೆ.

ಆದರೆ ಭಟ್ಟಿಯಲ್ಲಿ ನಮ್ಮ ಪಾಳಿ ಬಿದ್ದದ್ದು ನೀರು ತುಂಬುವ ದಿನವೇ. ನನ್ನ ಗಂಡನಿಗೆ ಹೇಳಿದರೆ, 'ಒಂದು ದಿನ ಹಿಂದೆ ಮುಂದೆ ಆದ್ರೆ ಏನಾತು' ಎಂದರು. ಅವರಿಗೆ ಏನೂ ಆಗುವುದಿಲ್ಲ, ನಿಜ. ಮಂಡಿ ಮನೆಯ ಹೆಂಗಸರು ಬೇಕರಿಗೆ ಹೋಗುವ ಪದ್ಧತಿ ಇರಲಿಲ್ಲ. ನಾನು ಸೆರಗು ಹೊದ್ದು ಹೋದೆ. ಸಾಹೇಬರು ಎದ್ದು ನಿಂತರು.

'ಅಕ್ಕಾರೆ, ನೀವ್ಯಾಕೆ ಬಂದ್ರಿ? ಹೇಳಿ ಕಳ್ಸಿದ್ರೆ ಆಗ್ತಿತ್ತು.'

'ನಮ್ಮ ಪಾಳಿ ಎರಡು ದಿನ ಮುಂಚೆ ಮಾಡಿಕೊಡ್ರಿ. ನಮ್ಮವ್ವಗೆ ಆರಾಮಿಲ್ಲ, ನಾನು ಊರಿಗೆ ಹೋಗ್ಬೇಕು.'

ಅವರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪಾಳಿಗಳನ್ನು ನೋಡಿದರು, ನನ್ನ ಮುಂಗೈಯ ಕಲೆಗಳನ್ನು ನೋಡಿದರು. 'ನಾಳೆ ಮಧ್ಯಾಹ್ನ ನಮ್ಮ ಮನೇದು ಐತೆ, ಅದನ್ನ ನೀವು ತಗೊಳ್ರಿ. ಆದ್ರೆ ಬ್ಯಾರೆ ಹೊತ್ತಿಲ್ಲ, ನಾಳೆ ಮಧ್ಯಾಹ್ನನೇ' ಎಂದರು. ನನಗೆ ಕೈಮುಗಿಯುವಂತಾಯಿತು.

ನಾಳೆ ಮಧ್ಯಾಹ್ನ ಅಂದರೆ ಹಿಟ್ಟನ್ನು ಈ ಸಂಜೆಯೇ ಕಲಸಿಡಬೇಕಿತ್ತು. ಮನೆಗೆ ಬಂದರೆ ಬೆಣ್ಣೆ ಬಂದಿರಲಿಲ್ಲ. ಬೆಣ್ಣೆ ತರುವವಳು ಬಂದದ್ದು ಮಾರನೇ ದಿನ ಬೆಳಗ್ಗೆ. ಹಿಟ್ಟನ್ನು ಕಲಸಿ ಒಂದೇ ಗಂಟೆ ಬಿಟ್ಟು ತಟ್ಟಿ ಕಳಿಸಿದೆ. ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಈ ಒಂದು ಸಲ ದೇವರು ಕಣ್ಣು ಮುಚ್ಚಿಕೊಳ್ಳಲಿ ಎಂದುಕೊಂಡೆ, ಅಷ್ಟೆ.

ಮಧ್ಯಾಹ್ನ ತಟ್ಟೆಗಳು ವಾಪಸು ಬಂದವು. ಗಟ್ಟಿಯಾಗದ ಬೆಣ್ಣೆ ಕರಗಿ ಬಿಸ್ಕತ್ತೆಲ್ಲ ಹರಿದು ಒಂದಕ್ಕೊಂದು ಕೂಡಿಕೊಂಡು, ತಟ್ಟೆ ತುಂಬ ಒಂದೇ ರೊಟ್ಟಿಯಾಗಿತ್ತು. ಮೂರು ಗೆರೆ ಎಲ್ಲಿಯೂ ಇಲ್ಲ. ಮಾವ ಬಂದು ನೋಡಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, 'ರುಚಿ ಐತಿ, ಆದ್ರೆ ಇದನ್ನ ಯಾರ ಮನಿಗೆ ಕೊಡಾಕಾಗ್ತೈತಿ' ಎಂದು ಹೋದರು. ಅತ್ತೆ ಇನ್ನೊಂದು ಚೀಲ ಹಿಟ್ಟು ತರಿಸಿ ಬಾನಿಯ ಪಕ್ಕ ಇಟ್ಟರು. ಸಾಹೇಬರಿಗೆ ಹೇಳಿ ಕಳಿಸಿದಾಗ, ನೀರು ತುಂಬುವ ದಿನದ ಹಳೇ ಪಾಳಿಯೇ ಇದೆ, ಅಳಿಸಿಲ್ಲ ಎಂದು ಉತ್ತರ ಬಂತು. ಮತ್ತೆ ಶುಂಠಿ ಕುಟ್ಟಿದೆ. ಮತ್ತೆ ಪಾಕ ಕಾಸಿದೆ. ಅಳಲೂ ತ್ರಾಣವಿರಲಿಲ್ಲ. ಮಾರನೇ ಸಂಜೆ ರೈಲು ಕೂಗಿಕೊಂಡು ಹೋದಾಗ ನಾನು ಬಾನಿಯ ಮುಂದೆ ಮೊಣಕೈವರೆಗೆ ಹಿಟ್ಟಾಗಿ ಕುಳಿತಿದ್ದೆ.

ನೀರು ತುಂಬುವ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಬಾಗಿಲಲ್ಲಿ ಅವ್ವ ನಿಂತಿದ್ದಳು.

ಹಿಂದಿನ ಸಂಜೆ ಸ್ಟೇಷನ್ನಿಗೆ ಬಂದು ಕಾದಿದ್ದಳಂತೆ. ನಾನು ಇಳಿಯಲಿಲ್ಲವೆಂದು ಮಗಳಿಗೆ ಏನಾಯಿತೋ ಎಂದು ಹೆದರಿ ಬೆಳಗಿನ ಗಾಡಿಗೆ ಒಬ್ಬಳೇ ಹೊರಟು ಬಂದಿದ್ದಳು. ಹಬ್ಬದ ದಿನ ಹೆಣ್ಣು ಕೊಟ್ಟ ಮನೆಗೆ ಕರೆಯದೆ ಬರುವ ರೂಢಿಯಿಲ್ಲ. ಬಾಗಿಲಲ್ಲೇ ನಾಚಿಕೊಂಡು ನಿಂತಿದ್ದಳು. ರವಿಕೆಯ ತೋಳು ಜೋತುಬಿದ್ದಿತ್ತು, ಅಷ್ಟು ಸೊರಗಿದ್ದಳು.

ಅತ್ತೆಗೆ ನಿಜವಾಗಿಯೂ ಸಂತೋಷವಾಯಿತು. 'ಬರ್ರಿ ಬೀಗ್ರೆ, ಕೂಡ್ರಿ. ಕಲಿಸಿದೋರೇ ಬಂದ್ರಲ್ಲ, ಇನ್ನು ನಮಗೇನು ಚಿಂತಿ' ಎಂದರು. ಕೈಕಾಲಿಗೆ ನೀರು ಕೊಟ್ಟರು, ಕಾಫಿ ಕೊಟ್ಟರು. ಆಮೇಲೆ ಬಾನಿಯ ಪಕ್ಕ ಮಣೆ ಹಾಕಿ, 'ಒಂದೀಟು ಕೈ ಹಚ್ರಿ, ಮಧ್ಯಾಹ್ನ ಭಟ್ಟಿಗೆ ಹೋಗ್ಬೇಕು' ಎಂದರು. ಅವರನ್ನು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆ ಮನೆಯಲ್ಲಿ ಅವರೂ ಬೆಳಗ್ಗೆ ಎದ್ದರೆ ಕೂತವರಲ್ಲ. ಬಂದ ಹೆಂಗಸು ಕೆಲಸಕ್ಕೆ ಕೈ ಹಚ್ಚುವುದು ಅವರಿಗೆ ಬಂದ ಗಂಡಸಿಗೆ ಎಲೆಯಡಿಕೆ ಕೊಟ್ಟಷ್ಟೇ ಸಹಜ.

ಅವ್ವ ಬಳೆ ಹಿಂದಕ್ಕೆ ಸರಿಸಿ ಕುಳಿತಳು. ಒಂದು ಉಂಡೆ ಕಟ್ಟಿದಳು. ಅದನ್ನು ಮೆಲ್ಲಗೆ ತಟ್ಟಿದಳು. ಮೂರು ಗೆರೆ ಎಳೆಯಲು ಹೋದರೆ ಒಂದೊಂದೂ ಒಂದೊಂದು ಕಡೆ ಹೋಯಿತು. ಅತ್ತೆಯ ಕಡೆ ನೋಡಿ, ತಪ್ಪಾಯಿತು ಅನ್ನುವ ಹಾಗೆ ನಕ್ಕು, ಅದನ್ನು ಮತ್ತೆ ಉಂಡೆ ಮಾಡಿದಳು.

ಆ ನಗೆ ನೋಡಿ ನನಗೆ ತಲೆ ಕೆಟ್ಟಿತು. ಅವಳ ಕೈಯಿಂದ ಉಂಡೆ ಕಿತ್ತು ಬಾನಿಗೆ ಎಸೆದೆ.

'ಏಳವ್ವ. ಹೋಗೋಣ.'

'ಎಲ್ಲಿಗೆ?' ಎಂದರು ಅತ್ತೆ.

'ಹರಿಹರಕ್ಕೆ. ನಂಗೆ ಸಾಕಾಗೈತಿ. ಇನ್ನ ಮ್ಯಾಲೆ ನಾನು ಈ ಬಿಸ್ಕತ್ತು ಮಾಡಂಗಿಲ್ಲ. ರೈತರಿಗೆ ಪೇಡೆ ಕೊಡ್ರಿ, ಇಲ್ಲ ಬರೀ ಬೆಲ್ಲ ಕೊಡ್ರಿ.'

ಹಾಗೆ ಮಾತಾಡಿದ್ದು ನಾನೇನಾ ಎಂದು ನನಗೇ ಗಾಬರಿಯಾಯಿತು. ಅವ್ವ, 'ಹಂಗೆಲ್ಲ ಅನ್ಬಾರ್ದವ್ವ' ಎಂದು ಗಲ್ಲ ಗಲ್ಲ ಬಡಿದುಕೊಂಡಳು. ನೆಗೆಣ್ಣಿ ತಟ್ಟೆಗೆ ಬೆಣ್ಣೆ ಸವರುತ್ತಿದ್ದವಳು ತಲೆ ಎತ್ತಲಿಲ್ಲ. ಅವಳ ಬಟ್ಟೆಯ ಗಂಟು ಆಗಲೇ ಬಾಗಿಲ ಪಕ್ಕದಲ್ಲಿತ್ತು, ಮಧ್ಯಾಹ್ನ ಗಾಡಿ ಬರುವುದಿತ್ತು. ನಾನು ಕೈ ತೊಳೆದು, ಮೂರು ವರ್ಷದ ಮಗಳನ್ನು ಎತ್ತಿಕೊಂಡು, ಅವ್ವನ ತೋಳು ಹಿಡಿದು ಹೊರಟೆ. ಮಂಡಿಯ ಮುಂದೆ ಹೋದರೆ ಗಂಡ ನೋಡುತ್ತಾರೆಂದು ಹಿಂದಿನ ಓಣಿಯಿಂದ ಸ್ಟೇಷನ್ನಿಗೆ ನಡೆದೆವು.

ಅವ್ವ ದಾರಿಯುದ್ದಕ್ಕೂ ಬೈದಳು. ಹರಿಹರದಲ್ಲಿ ಮನೆ ತಲುಪಿದ ಮೇಲೆ ಬೈಗುಳ ನಿಂತಿತು. ಇಬ್ಬರೂ ಸುಸ್ತಾಗಿ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆವು. ಮಾರನೇ ದಿನ ಎಣ್ಣೆ ಸ್ನಾನಕ್ಕೆ ಊರೆಲ್ಲ ನಸುಕಿನಲ್ಲಿ ಎದ್ದರೆ ನಮಗೆ ಎಚ್ಚರವಾದದ್ದು ಬಿಸಿಲು ಅಂಗಳಕ್ಕೆ ಬಂದಮೇಲೆ. ಅಪ್ಪ ನಮ್ಮನ್ನು ಎಬ್ಬಿಸಿರಲಿಲ್ಲ. ಮಗಳನ್ನು ಆಡಿಸುತ್ತ ಜಗಲಿಯ ಮೇಲೆ ಕೂತಿದ್ದರು. ಅವ್ವ ಹೊತ್ತು ಮೀರಿದ ಮೇಲೆಯೇ ನನ್ನ ನೆತ್ತಿಗೆ ಎಣ್ಣೆ ಇಟ್ಟಳು. ತಟ್ಟಲು ಶಕ್ತಿಯಿಲ್ಲದೆ ಬರೀ ಸವರಿದಳು. ಆರು ವರ್ಷ ಬಯಸಿದ್ದು ಅಷ್ಟೇ. ಅದು ಸಿಕ್ಕಿತು.

ನಾಲ್ಕನೇ ದಿನ ಹೆದರಿಕೊಂಡೇ ದಾವಣಗೆರೆಗೆ ಬಂದೆ. ಗಂಡ ಮುಖ ಗಂಟು ಹಾಕಿಕೊಂಡಿದ್ದರು, ಆದರೆ ಬೈಯಲಿಲ್ಲ. ಅತ್ತೆ, 'ಬಂದ್ಯಾ? ನಿಮ್ಮವ್ವ ಹೆಂಗದಾಳೆ' ಎಂದು ಕೇಳಿ ಒಳಗೆ ಹೋದರು. ಯಾರೂ ಯಾಕೆ ಬೈಯುತ್ತಿಲ್ಲವೆಂದು ನನಗೆ ಅರ್ಥವಾಗಲಿಲ್ಲ. ಅಡಿಗೆಮನೆಯ ಕಪಾಟಿನಲ್ಲಿ ಒಂದು ಡಬ್ಬಿ ಉಳಿದಿತ್ತು. ಮುಚ್ಚಳ ತೆಗೆದೆ. ಬಿಸ್ಕತ್ತುಗಳು ದುಂಡಗೆ, ಒಂದೇ ಅಳತೆ, ಅಂಚು ಒಡೆದಿಲ್ಲ, ಮೂರು ಗೆರೆ ನೂಲು ಹಿಡಿದ ಹಾಗೆ. ಒಂದನ್ನು ಕಚ್ಚಿ ನೋಡಿದೆ. ನನ್ನದಕ್ಕಿಂತ ಚೆನ್ನಾಗಿತ್ತು.

ನೆಗೆಣ್ಣಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಮುಂಗೈಯ ಮೇಲೆ ಸಿಡಿದ ಕಲೆಗಳಿದ್ದವು. ನಲವತ್ತು ಡಬ್ಬಿ ತುಂಬದೆ, ಮತ್ತೆ ಪಾಕ ಕಾಸಿ ಇನ್ನೊಂದು ಸಲ ಹಿಟ್ಟು ಕಲಸಿರಬೇಕು.

'ನಿಂಗೆ ಬರ್ತಿತ್ತಾ?' ಎಂದೆ.

'ಬರ್ತಿತ್ತಕ್ಕ' ಎಂದಳು. ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. 'ಮೊದಲ್ನೇ ವರ್ಷನೇ ಬಂದಿತ್ತು. ಬರ್ತೈತೆ ಅಂತ ಗೊತ್ತಾದ್ರೆ ನಿಮ್ಮಂಗೇ ಆಗ್ತೈತೆ ಅಂತ ಸುಮ್ನಿದ್ದೆ. ಆವತ್ತು ಅತ್ತೆ ಒಬ್ರೇ ಬಾನಿ ಮುಂದೆ ಕುಂತು ಅತ್ರು. ನೋಡಾಕಾಗ್ಲಿಲ್ಲ. ಅಣ್ಣನ ಗಾಡಿ ಬಂದಿತ್ತು, ವಾಪಸ್ ಕಳಿಸ್ದೆ.'

ನಾನು ಅವಳ ಪಕ್ಕ ಕೂತು ಪಾತ್ರೆ ತೊಳೆಯಲು ಕೈ ಹಾಕಿದೆ.

ಮುಂದಿನ ವರ್ಷ ಶ್ರಾವಣ ಮುಗಿಯುವಾಗ ಮಾವ ಬಿಸ್ಕತ್ತಿನ ಮಾತೆತ್ತಿದಾಗ ನೋಡಿದ್ದು ಅವಳ ಕಡೆ. ಅವಳೂ ಆ ವರ್ಷ, 'ಹಬ್ಬಕ್ಕೆ ಊರಿಗೆ ಹೋಗ್ತೀನ್ರಿ' ಎಂದಳು. ಅತ್ತೆ ಮೆತ್ತಗೆ ಹೇಳಿದರು, 'ಹೋಗವ್ವ, ಯಾರು ಬ್ಯಾಡ ಅಂತಾರೆ? ಆದ್ರೆ ಬಿಸ್ಕತ್ತು ಯಾರು ಮಾಡ್ತಾರೆ ಹೇಳು.'

ನಾನು ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಒಂದು ವರ್ಷ ಅವಳು, ಒಂದು ವರ್ಷ ನಾನು ಎಂದು ಎಂದೋ ಲೆಕ್ಕ ಹಾಕಿದವಳು ನಾನೇ ತಾನೆ? ಆ ಮಾತು ಬಾಯಿಗೆ ಬಂದಿತ್ತು. ಆದರೆ ಹೆಗಲು ನೋಯುತ್ತಿತ್ತು, ಅವ್ವ ಕಾಯುತ್ತಿದ್ದಳು, ಒಮ್ಮೆ ಕೈ ಹಾಕಿದರೆ ಮತ್ತೆ ಬಿಡಿಸಿಕೊಳ್ಳಲಾಗದೆಂಬ ಭಯವಿತ್ತು. ಮೊರದ ಮೇಲಿನ ಕಣ್ಣು ತೆಗೆಯಲಿಲ್ಲ.

ಅವ್ವ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ನಾಲ್ಕು ದೀಪಾವಳಿಗೂ ನಾನು ಹರಿಹರದಲ್ಲಿದ್ದೆ. ಆ ನಾಲ್ಕು ವರ್ಷವೂ ಕೊಂಡಜ್ಜಿಯಿಂದ ಗಾಡಿ ಬಂತು, ಅವಳ ತಾಯಿ ಕೊಟ್ಟು ಕಳಿಸಿದ ಹೋಳಿಗೆಯ ಬುಟ್ಟಿ ಇಳಿಸಿ, ಖಾಲಿ ವಾಪಸು ಹೋಯಿತು.